ಹಾಸಿಗೆ ಪಕ್ಕದ ಪಾಠಗಳು: ಗಡಿನಾಡಿನ ಪಾಲಿಯೇಟಿವ್ ನರ್ಸ್ ಕಂಡುಕೊಂಡ ಒಂಬತ್ತು ಸಂಗತಿ

ಕಾಸರಗೋಡಿನ ಉತ್ತರದ ಊರುಗಳಲ್ಲಿ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಹೃದಯಕ್ಕೆ, ಕಿಡ್ನಿಗೆ, ಕ್ಯಾನ್ಸರಿಗೆ ಕರ್ನಾಟಕ ಗಡಿಯ ತಲಪಾಡಿ ದಾಟುವುದು ಇಲ್ಲಿಯ ಮನೆಗಳಿಗೆ ತಲೆಮಾರುಗಳಿಂದ ಬಂದ ರೂಢಿ. ದೊಡ್ಡ ಆಸ್ಪತ್ರೆಯಿಂದ ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಕಳಿಸಿದ ಮೇಲೆ ಶುರುವಾಗುವುದು ನನ್ನ ಕೆಲಸ. ಈ ಭಾಗದ ಒಂದು ಗ್ರಾಮ ಪಂಚಾಯತಿನಲ್ಲಿ ನಾನು ಪಾಲಿಯೇಟಿವ್ (ಉಪಶಮನ ಆರೈಕೆಯ) ನರ್ಸ್. ಹಾಸಿಗೆ ಹಿಡಿದವರ ಮನೆಗೆ ಹೋಂಕೇರ್ ಜೀಪಿನಲ್ಲಿ ಹೋಗುತ್ತೇನೆ. ಜೀಪು ಹೋಗದ ಕಡೆ ಗುಡ್ಡೆ ಇಳಿದು, ಸಂಕ ದಾಟಿ ನಡೆಯುತ್ತೇನೆ.

2008ರಲ್ಲಿ ಕೇರಳ ತನ್ನದೇ ಪಾಲಿಯೇಟಿವ್ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಪಂಚಾಯತು ಪಂಚಾಯತಿಗೆ ನನ್ನಂಥ ನರ್ಸ್‌ಗಳು ಬಂದದ್ದು ಆ ನೀತಿಯಿಂದ. ಇಷ್ಟು ವರ್ಷ ಮನೆಯ ಒಳಗಿನಿಂದ ಆರೋಗ್ಯ ವ್ಯವಸ್ಥೆಯನ್ನು ನೋಡಿದ ನನಗೆ ಒಂದು ಮಾತು ಖಚಿತವಾಗಿದೆ: ಮನೆಗೆ ಹತ್ತಿರದ ಪದರ ಗಟ್ಟಿಯಿದ್ದರೆ ದೂರದ ದೊಡ್ಡ ಆಸ್ಪತ್ರೆಯೂ ಉಪಯೋಗಕ್ಕೆ ಬರುತ್ತದೆ. ಹತ್ತಿರದ್ದು ಸಡಿಲವಾಗಿದ್ದರೆ ದೂರದ್ದು ಎಷ್ಟೇ ದೊಡ್ಡದಿದ್ದರೂ ಬಡವರಿಗೆ ದಕ್ಕುವುದಿಲ್ಲ. ಕೆಳಗಿನ ಪಾಠಗಳೆಲ್ಲ ಈ ಮಾತಿನ ವಿವರಗಳೇ.

1. ಬಿಪಿ ಮಾತ್ರೆಗೆ ಬಸ್ಸು ಹತ್ತಬೇಡಿ

ನನ್ನ ಪಟ್ಟಿಯಲ್ಲಿ ಪಾರ್ಶ್ವವಾಯು ಬಡಿದವರು ಬಹಳ. ಮನೆಯವರನ್ನು ಕೇಳಿದರೆ ಮತ್ತೆ ಮತ್ತೆ ಅದೇ ಕಥೆ. ಬಿಪಿ ಇದೆ ಎಂದು ಪೇಟೆಯ ಡಾಕ್ಟರು ಹೇಳಿದ್ದರು, ಎರಡು ತಿಂಗಳು ಮಾತ್ರೆ ತಿಂದರು. ಆಮೇಲೆ ಒಂದು ದಿನದ ಕೂಲಿ, ಬಸ್ಸಿನ ಹಣ, ಮದ್ದಿನ ಹಣ ಎಲ್ಲ ಸೇರಿ ಭಾರವಾಯಿತು, ಬಿಟ್ಟರು. ಅದೇ ಮಾತ್ರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಉಚಿತವಾಗಿ ಸಿಗುತ್ತಿತ್ತು.

2017ರಲ್ಲಿ ಶುರುವಾದ ಆರ್ದ್ರಂ ಯೋಜನೆಯಲ್ಲಿ ಪಿಎಚ್‌ಸಿಗಳು ಹಂತ ಹಂತವಾಗಿ ಕುಟುಂಬ ಆರೋಗ್ಯ ಕೇಂದ್ರಗಳಾದವು. ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಒಪಿಯನ್ನು ಸಂಜೆಯ ತನಕ ಮುಂದುವರಿಸುವುದು, ಲ್ಯಾಬ್ ಇಡುವುದು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಪ್ರತ್ಯೇಕ ಕ್ಲಿನಿಕ್ ನಡೆಸುವುದು ಅದರ ಉದ್ದೇಶ. ಎಲ್ಲ ಕಡೆ ಎಲ್ಲವೂ ಕುಂದಿಲ್ಲದೆ ನಡೆಯುತ್ತಿದೆ ಎನ್ನಲಾರೆ. ಆದರೂ ತಿಂಗಳು ತಿಂಗಳು ತಪ್ಪದೆ ತಿನ್ನಬೇಕಾದ ಮದ್ದಿಗೆ ನಡೆದು ಹೋಗುವಷ್ಟು ದೂರದ ಕೇಂದ್ರವೇ ಸರಿ. ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿದ್ದರೆ ಅವರ ಚೀಟಿಯನ್ನು ಇಲ್ಲಿಯ ಡಾಕ್ಟರಿಗೂ ತೋರಿಸಿ, ಮುಂದಿನ ಮಾತ್ರೆ ಇಲ್ಲೇ ಸಿಗುತ್ತದೆಯೇ ಎಂದು ಕೇಳಿ.

2. ಕಷ್ಟದ ರೋಗಿಗೆ ಎರಡು ದಾರಿ ಗೊತ್ತಿರಲಿ

2020ರ ಮಾರ್ಚಿನಲ್ಲಿ, ಕೋವಿಡ್ ಹರಡಿದಾಗ, ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳದಾರಿಗಳಲ್ಲಿ ಮಣ್ಣಿನ ರಾಶಿ. ಮಂಗಳೂರನ್ನೇ ನಂಬಿದ್ದ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದೆ ಬಂದರು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತಡೆ ತೆಗೆಸುವಂತೆ ಕೇಂದ್ರ ಸರಕಾರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ನ್ಯಾಯಾಲಯದ ಆದೇಶಕ್ಕೆ ಕಾಯುವಷ್ಟು ಸಮಯ ಹೃದಯಾಘಾತದ ರೋಗಿಗೆ ಇರುವುದಿಲ್ಲ.

ಆ ಪೆಟ್ಟು ಜಿಲ್ಲೆಯ ಕೊರತೆಯನ್ನು ಎಲ್ಲರ ಕಣ್ಣಿಗೂ ಕಾಣಿಸಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲೇ ಶಿಲಾನ್ಯಾಸ ಆಗಿತ್ತು. ಅದರ ಕಟ್ಟಡ ರೋಗಿಗಳಿಗೆ ತೆರೆದದ್ದು 2020ರ ಏಪ್ರಿಲಿನಲ್ಲಿ, ಕೋವಿಡ್ ಆಸ್ಪತ್ರೆಯಾಗಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚಟ್ಟಂಚಾಲಿನಲ್ಲಿ ಟಾಟಾ ಸಮೂಹ ಕಟ್ಟಿಕೊಟ್ಟ 551 ಹಾಸಿಗೆಗಳ ಆಸ್ಪತ್ರೆ ಸರಕಾರದ ಕೈಸೇರಿತು. ಉಕ್ಕಿನಡ್ಕದಲ್ಲಿ ಮಾಮೂಲಿ ಒಪಿ ಆರಂಭವಾದದ್ದು 2022ರ ಜನವರಿಯಲ್ಲಿ.

ಅಂದಿನಿಂದ ಡಯಾಲಿಸಿಸ್, ಕ್ಯಾನ್ಸರ್, ಹೃದಯದ ರೋಗಿಗಳಿರುವ ಪ್ರತಿ ಮನೆಯಲ್ಲೂ ನಾನು ಎರಡು ದಾರಿ ಬರೆಸಿಡುತ್ತೇನೆ: ತಲಪಾಡಿಯ ಆಚೆ ಎಲ್ಲಿ, ಈಚೆ ಎಲ್ಲಿ. ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಪರಿಯಾರಂ ಮೆಡಿಕಲ್ ಕಾಲೇಜು, ಇವುಗಳಲ್ಲಿ ಯಾವುದರಲ್ಲಿ ಯಾವ ಚಿಕಿತ್ಸೆ ಇದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡಿರಬೇಕು. ಡಿಸ್ಚಾರ್ಜ್ ಕಾಗದದ ಎರಡು ಪ್ರತಿ ಮನೆಯಲ್ಲಿರಬೇಕು.

3. ಕಾರ್ಡು ಕೆಲಸ ಮಾಡುತ್ತದೆಯೇ ಎಂದು ಈಗಲೇ ನೋಡಿ

ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಒಳರೋಗಿ ಚಿಕಿತ್ಸೆ ಸಿಗುತ್ತದೆ. ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ ನಡೆಯುವ ಯೋಜನೆ ಇದು. ಮನೆಯಲ್ಲಿ ಎಷ್ಟೇ ಜನರಿದ್ದರೂ ಮೊತ್ತ ಎಲ್ಲರಿಗೂ ಸೇರಿ. ಒಪಿಗೆ ಬಂದು ಮದ್ದು ಬರೆಸಿಕೊಂಡು ಹೋದರೆ ಇದು ಅನ್ವಯವಾಗುವುದಿಲ್ಲ, ದಾಖಲಾಗಬೇಕು. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯೇ ಆಗಬೇಕು.

ತೊಂದರೆ ಬರುವುದು ರಾತ್ರಿ ಹೊತ್ತು, ಅಡ್ಮಿಶನ್ ಕೌಂಟರಿನ ಎದುರು. ಆಧಾರಿನಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲಿ. ಕನ್ನಡದ ಹೆಸರು ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಅಕ್ಷರ ಬದಲಾಗಿರುತ್ತದೆ. ಇವನ್ನೆಲ್ಲ ಅಕ್ಷಯ ಕೇಂದ್ರಕ್ಕೆ ಹೋಗಿ ಸರಿಮಾಡಿಸುವುದು ಆರೋಗ್ಯವಿರುವಾಗ ಅರ್ಧ ದಿನದ ಕೆಲಸ. ಮಂಗಳೂರಿಗೆ ಹೊರಡುವುದಿದ್ದರೆ, ಅಲ್ಲಿಯ ಆಸ್ಪತ್ರೆಯಲ್ಲಿ ಯೋಜನೆಯ ಕಾರ್ಡು ನಡೆಯುತ್ತದೆಯೇ ಎಂದು ಮೊದಲು ಫೋನಿನಲ್ಲಿ ಕೇಳಿ. ಸಂಶಯವಿದ್ದರೆ ರಾಜ್ಯದ ಆರೋಗ್ಯ ಸಹಾಯವಾಣಿ ದಿಶಾ 1056 ಇದೆ.

4. ನೋವನ್ನು ಸಹಿಸಬೇಕಾಗಿಲ್ಲ

ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಕೋಯಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಗಾರರು 1993ರಲ್ಲಿ ನೋವು ನಿವಾರಣೆಯ ಕೆಲಸ ಶುರುಮಾಡಿದ ಮೇಲೆ ಕೇರಳದಲ್ಲಿ ಇದು ಬಡವರ ಕೈಗೂ ಬಂತು. 2014ರಲ್ಲಿ ಮಾದಕದ್ರವ್ಯ ಕಾಯ್ದೆಗೆ ತಂದ ತಿದ್ದುಪಡಿ ಆಸ್ಪತ್ರೆಗಳ ಅಡಚಣೆಯನ್ನು ಕಡಿಮೆ ಮಾಡಿತು.

ಮನೆಯವರ ಹೆದರಿಕೆ ಎರಡು: ಚಟ ಹತ್ತುತ್ತದೆ, ಇದನ್ನು ಕೊಟ್ಟರೆ ಇನ್ನು ಉಳಿಯುವುದಿಲ್ಲ. ಎರಡೂ ಸರಿಯಲ್ಲ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ನೋವಿಗೆಂದೇ ಕೊಡುವ ಮಾರ್ಫಿನ್ ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ, ನಿದ್ದೆಯನ್ನೂ ಊಟವನ್ನೂ ಮರಳಿ ಕೊಡುತ್ತದೆ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ಆದ್ದರಿಂದ ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಬಹುತೇಕ ಎಲ್ಲರಿಗೂ ಬರುತ್ತದೆ, ಅದಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಮೊದಲ ದಿನದಿಂದಲೇ ಕೊಡಬೇಕು. ಮದ್ದು ಬಿಡುವವರಲ್ಲಿ ಅನೇಕರು ಬಿಡುವುದು ಈ ಒಂದು ಕಾರಣಕ್ಕೆ.

5. ರೋಗಿಯ ಮಾತಿನಲ್ಲೇ ಹೇಳಬೇಕು, ರೋಗಿಯ ಲಿಪಿಯಲ್ಲೇ ಬರೆಯಬೇಕು

ನಮ್ಮಲ್ಲಿ ಒಂದು ದಾರಿಯಲ್ಲಿ ಹೋದರೆ ಕನ್ನಡ, ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಎಲ್ಲವೂ ಸಿಗುತ್ತವೆ. ಬೇರೆ ಜಿಲ್ಲೆಯಿಂದ ಬಂದ ಡಾಕ್ಟರಿಗೆ ತುಳು ಬಾರದಿರುವುದು ಅವರ ತಪ್ಪಲ್ಲ. ಆದರೆ ಅಜ್ಜಿಗೆ ಎದೆ ಉರಿಯೋ ಎದೆ ನೋವೋ ಎಂಬುದು ಡಾಕ್ಟರಿಗೆ ಸರಿಯಾಗಿ ತಿಳಿಯಲೇಬೇಕು.

ಮಾತ್ರೆಯ ಕವರಿನ ಮೇಲೆ ನಾನು ಕನ್ನಡದಲ್ಲಿ ದೊಡ್ಡದಾಗಿ ಬರೆಯುತ್ತೇನೆ: ‘ಬೆಳಗ್ಗೆ ಚಾ ಆದ ಮೇಲೆ ಒಂದು’, ‘ರಾತ್ರಿ ಊಟದ ಮೊದಲು ಅರ್ಧ’. ಓದಲು ಬಾರದವರಿಗೆ ಬೆಳಗ್ಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬಿಡಿಸುತ್ತೇನೆ. ಆಮೇಲೆ ಅವರಿಂದಲೇ ಹೇಳಿಸುತ್ತೇನೆ: “ಅಜ್ಜಿ, ಈ ಬಿಳಿ ಮಾತ್ರೆ ಯಾವಾಗ?” ಸರಿ ಉತ್ತರ ಬಂದ ಮೇಲೆಯೇ ಮುಂದಿನ ಮನೆ.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆರೋಗ್ಯದ ಅರ್ಜಿ, ಒಪ್ಪಿಗೆ ಪತ್ರ, ಲಸಿಕೆಯ ನೋಟಿಸು ಕನ್ನಡದಲ್ಲಿ ಕೇಳುವುದಕ್ಕೆ ಸಂಕೋಚ ಬೇಡ.

6. ನೋಡಿಕೊಳ್ಳುವವಳ ಬೆನ್ನನ್ನೂ ನೋಡಿ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ನಮ್ಮ ಭಾಗದ ಪ್ರತಿ ಪಂಚಾಯತಿನಲ್ಲೂ ಸಿಗುತ್ತಾರೆ. ಹೆಚ್ಚಿನವರು ಪ್ರಾಯದವರು, ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಅಂಥ ಒಂದು ಮನೆಯಲ್ಲಿ ಹೆಂಡತಿ ಬೀಡಿ ಕಟ್ಟುತ್ತಾ ಎರಡು ಗಂಟೆಗೊಮ್ಮೆ ಎದ್ದು ಗಂಡನ ಮಗ್ಗುಲು ಬದಲಿಸುತ್ತಿದ್ದರು. ರಾತ್ರಿ ಫೋನಿನಲ್ಲಿ ಅಲಾರಾಂ. ನಾನು ಅವರಿಗೆ ಕಲಿಸಿದ್ದು ಇಷ್ಟು: ಬೆನ್ನಿನ ಕೆಳತುದಿ, ಸೊಂಟದ ಎಲುಬು, ಹಿಮ್ಮಡಿ ದಿನಾ ನೋಡಿ. ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಬಿಟ್ಟಾಗ ಬಿಳಿಚಿ ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡುತ್ತಿದೆ. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗಿದೆ, ಆ ಭಾಗಕ್ಕೆ ಭಾರ ಬೀಳಬಾರದು, ಕೂಡಲೇ ನನಗೆ ಫೋನ್ ಮಾಡಿ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರಲಿ. ಪಂಚಾಯತಿನ ಏರ್ ಬೆಡ್ ತಂದುಕೊಟ್ಟೆವು, ಆದರೆ ಕರೆಂಟು ಹೋದರೆ ಅದೂ ಬರೀ ಹಾಸಿಗೆಯೇ. ಆ ಮನುಷ್ಯನ ಬೆನ್ನಿನಲ್ಲಿ ಹುಣ್ಣಿಲ್ಲದ್ದು ಹೆಂಡತಿಯ ಆ ಎಚ್ಚರದಿಂದ.

ಪೂರ್ಣ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆಯಿದೆ, ತಿಂಗಳಿಗೆ 600 ರೂಪಾಯಿ. ಮೊತ್ತ ಸಾಲದು, ಅದು ಹೆಚ್ಚಬೇಕು. ಇದಕ್ಕಿಂತ ದೊಡ್ಡ ಸಹಾಯ ನೆರೆಮನೆಯಿಂದ ಬರಬಹುದು: ವಾರಕ್ಕೊಮ್ಮೆ ಎರಡು ಗಂಟೆ ಯಾರಾದರೂ ಬಂದು ಕೂತರೆ ಆಕೆ ಹೊರಗೆ ಹೋಗಿ ಬರಬಹುದು, ತನ್ನ ಬಿಪಿಯನ್ನೂ ತೋರಿಸಬಹುದು.

7. ಊರವರು ಹೇಳುವುದನ್ನು ದಾಖಲೆ ಮಾಡಿ

ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. 2000ದಲ್ಲಿ ಅದು ನಿಂತಿತು. ನಿಲ್ಲುವ ಮೊದಲು ಮಾತಾಡಿದವರು ಊರವರೇ. ಪಡ್ರೆಯ ಕಡೆ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳನ್ನು ಗಮನಿಸಿ ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಲೋಕಕ್ಕೆ ಮುಟ್ಟಿಸಿದರು. ಪೆರಿಯದ ಕಡೆ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶವಿಡೀ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಎಂದಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಅದೇ ನ್ಯಾಯಾಲಯ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ.

ಸಂತ್ರಸ್ತರಾದ ಮಕ್ಕಳಲ್ಲಿ ಅನೇಕರು ಈಗ ದೊಡ್ಡವರು, ತಾಯಂದಿರು ಮುದುಕಿಯರು. ಪೆರ್ಲ, ಬೆಳ್ಳೂರು, ಕಾರಡ್ಕದಂಥ ಕಡೆ ಬೌದ್ಧಿಕ ಅಂಗವಿಕಲರಿಗಾಗಿ ಬಡ್ಸ್ ಶಾಲೆಗಳಿವೆ. ಆದರೆ ತಾಯಿಯ ನಂತರ ಯಾರು ಎಂಬ ಪ್ರಶ್ನೆ ಮನೆ ಮನೆಯಲ್ಲಿದೆ. ನನಗೆ ಉಳಿದ ಪಾಠ ಇದು: ಒಂದೇ ಊರಿನಲ್ಲಿ ಒಂದೇ ಬಗೆಯ ಕಾಯಿಲೆ ಮತ್ತೆ ಮತ್ತೆ ಕಂಡರೆ ನರ್ಸ್ ಆಗಲಿ ಆಶಾ ಆಗಲಿ ಪುಸ್ತಕದಲ್ಲಿ ದಿನಾಂಕ ಸಹಿತ ಬರೆಯಬೇಕು, ಮೆಡಿಕಲ್ ಆಫೀಸರಿಗೆ ಲಿಖಿತವಾಗಿ ಕೊಡಬೇಕು. ಮನೆಯವರು ಒಂದು ಚೀಟಿಯನ್ನೂ ಬಿಸಾಡಬಾರದು.

8. ಆಶಾ ಕಾರ್ಯಕರ್ತೆಯ ಫೋನ್ ನಂಬರು ಗೋಡೆಯ ಮೇಲಿರಲಿ

ಯಾವ ಮನೆಯಲ್ಲಿ ಯಾರು ಬಿದ್ದರು, ಯಾರು ಮದ್ದು ಬಿಟ್ಟರು ಎಂಬ ಸುದ್ದಿ ನನಗೆ ಮೊದಲು ಬರುವುದು ಆಶಾ ಕಾರ್ಯಕರ್ತೆಯಿಂದ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನವನ್ನು 7,000ದಿಂದ 21,000 ರೂಪಾಯಿಗೆ ಏರಿಸಿ ಎಂದು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಕೂತರು, ತಿಂಗಳುಗಟ್ಟಲೆ ಕೂತರು. ವ್ಯವಸ್ಥೆ ಜನರ ಮನೆಗೆ ಮುಟ್ಟುವುದು ಇವರ ಕಾಲಿನ ಮೇಲೆ. ಇವರಿಗೆ ನ್ಯಾಯವಾದ ಸಂಬಳ ಕೊಡುವುದೂ ಆರೋಗ್ಯದ ಖರ್ಚೇ.

9. ಗ್ರಾಮಸಭೆಯಲ್ಲಿ ಎದ್ದು ಕೇಳಿ

ಕೇರಳದಲ್ಲಿ ಪಿಎಚ್‌ಸಿ ಗ್ರಾಮ ಪಂಚಾಯತಿನ ಆಡಳಿತದಲ್ಲಿದೆ. ಹೋಂಕೇರಿಗೆ ಹಣ ಇಡುವುದೂ ಪಂಚಾಯತೇ. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯಿಂದ ಇಂಥ ಹಣದ ಬಗ್ಗೆ ಮಾತಾಡುವ ಜಾಗ ಗ್ರಾಮಸಭೆ. ರಸ್ತೆ, ಬೀದಿದೀಪದ ಬಗ್ಗೆ ಅಲ್ಲಿ ಹತ್ತು ಜನ ಏಳುತ್ತಾರೆ. ಹಾಸಿಗೆ ಹಿಡಿದವರು ಸಭೆಗೆ ಬರಲಾರರು, ಅವರನ್ನು ಬಿಟ್ಟು ಮನೆಯವರೂ ಬರಲಾರರು. ಹಾಗಾಗಿ ಬರಬಲ್ಲವರು ಅವರ ಪರವಾಗಿ ಕೇಳಬೇಕು. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಎಷ್ಟು? ಹೋಂಕೇರ್ ತಿಂಗಳಿಗೆ ಎಷ್ಟು ಸಲ ಬರುತ್ತದೆ? ಏರ್ ಬೆಡ್ ಎಷ್ಟಿವೆ, ಎಷ್ಟು ಕೆಟ್ಟಿವೆ? ಡಾಕ್ಟರ ಹುದ್ದೆ ಖಾಲಿಯಿದೆಯೇ? ಉತ್ತರಗಳನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಅದೇ ಪುಟ ತೆಗೆಸಿ ಮತ್ತೆ ಕೇಳಿ.