ಪಾತಾಳದ ನಗೆ: ಚಿನ್ನದ ಗಣಿಯ ಪರಿಸರದಲ್ಲಿ ‘ಪಾತಾಳದಲ್ಲಿ ಪಾಪಚ್ಚಿ’ಯ ಓದು

ಕನ್ನಡ ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ನೀತಿ, ಸರಳತೆ, ವಯೋಮಾನ ಎಂಬ ಅಳತೆಗೋಲುಗಳು ಬಳಕೆಯಾದಷ್ಟು ನಗೆಯೆಂಬ ಅಳತೆಗೋಲು ಬಳಕೆಯಾಗಿಲ್ಲ. ಲೂಯಿ ಕ್ಯಾರಲ್‌ನ ಆಲಿಸಳ ಕತೆಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಇದನ್ನು ಅನುವಾದಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುವುದು ನಮ್ಮ ರೂಢಿ. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಪರಿಸರದಲ್ಲಿಟ್ಟು ನೋಡಿದರೆ ಆ ಶೀರ್ಷಿಕೆಯೇ ಬೇರೊಂದು ಅರ್ಥವನ್ನು ಹೊಳೆಯಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಮೂಲಕೃತಿ ಅಚ್ಚಾದದ್ದು 1865ರಲ್ಲಿ. ಅದಕ್ಕೂ ಮೊದಲು, 1864ರಲ್ಲಿ, ಕ್ಯಾರಲ್ ಬಾಲಕಿ ಆಲಿಸ್ ಲಿಡೆಲ್‌ಗೆ ಕೊಟ್ಟ ಹಸ್ತಪ್ರತಿಯ ಹೆಸರಿನಲ್ಲಿ ‘ಅದ್ಭುತಲೋಕ’ವಿರಲಿಲ್ಲ, ಅದು ನೆಲದಡಿಯ ಸಾಹಸಗಳ ಕತೆಯೆಂದೇ ಕರೆದುಕೊಂಡಿತ್ತು. ಆದ್ದರಿಂದ ‘ಪಾತಾಳ’ವನ್ನು ಕೇವಲ ದೇಸೀಕರಣವೆನ್ನಲಾಗದು, ಅದು ಕೃತಿಯ ಮೊದಲ ಹೆಸರಿಗೇ ಹತ್ತಿರವಾದ ಪದ. ಮೇಲಾಗಿ ನಮ್ಮ ಪಾತಾಳ ಬರಿಯ ಭಯದ ನೆಲೆಯಲ್ಲ. ವಿಷ್ಣುಪುರಾಣದಲ್ಲಿ ಅಲ್ಲಿಗೆ ಹೋಗಿಬಂದ ನಾರದನು ಅದು ಸ್ವರ್ಗಕ್ಕಿಂತ ರಮ್ಯವೆಂದು ಬಣ್ಣಿಸುತ್ತಾನೆ. ನಾಗರೂ ದೈತ್ಯರೂ ಇರಬೇಕಾದ ಆ ಜಾಗದಲ್ಲಿ ಗಡಿಯಾರ ನೋಡಿಕೊಂಡು ಓಡುವ ಮೊಲ ಎದುರಾಗುವುದೇ ಕನ್ನಡದ ಓದುಗನಿಗೆ ದೊರೆಯುವ ಹೆಚ್ಚಿನ ನಗೆ. ಇಂಗ್ಲಿಷಿನ ಓದುಗನಿಗೆ ಇದು ದೊರೆಯದು.

ಕೆ.ಜಿ.ಎಫ್.ನಲ್ಲಿ ಪಾತಾಳವೆಂಬುದು ಪುರಾಣದ ಮಾತಷ್ಟೇ ಅಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆಯತೊಡಗಿದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಇಲ್ಲಿಗೆ ಬಂದಿತು. ಬಂಡೆ ಸಿಡಿತಗಳು ಜೀವಗಳನ್ನು ಬಲಿ ಪಡೆದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂಥ ಊರಿನ ಮಗುವಿಗೆ ‘ಹುಡುಗಿಯೊಬ್ಬಳು ಭೂಮಿಯೊಳಕ್ಕೆ ಬಿದ್ದಳು’ ಎಂಬುದನ್ನು ನಗುವ ಕತೆಯಾಗಿ ಹೇಳಬಹುದೇ?

ಬಂಗಾರಪೇಟೆಯ ಮನೆಯೊಂದರಲ್ಲಿ ನಾಲ್ಕು ಮಕ್ಕಳಿಗೆ ನಾನು ಕತೆಯ ಆರಂಭವನ್ನು ಹೇಳಿದ್ದುಂಟು. ಮನೆಮಾತು ತಮಿಳು; ಅಜ್ಜ ಗಣಿಯಲ್ಲಿ ದುಡಿದವರು. ಮೂಲದಲ್ಲಿರುವಂತೆ, ಹುಡುಗಿ ನಿಧಾನವಾಗಿ ಬೀಳುತ್ತ ಗೋಡೆಯ ಕಪಾಟಿನಿಂದ ಜಾಮಿನ ಡಬ್ಬಿಯನ್ನು ತೆಗೆದುಕೊಳ್ಳುತ್ತಾಳೆ ಎಂದಾಗ ಒಂದು ಮಗು ಕೇಳಿತು: “ಯಾಕೆ ಮಿಸ್, ಕೇಜ್ ಇರ್ಲಿಲ್ವಾ?” ಮೂಲೆಯಲ್ಲಿದ್ದ ಅಜ್ಜ ನಕ್ಕು, “ಕೇಜ್ ಇದ್ದಿದ್ರೆ ಡಬ್ಬಿ ತಗೊಳ್ಳೋಕೆ ಟೈಮ್ ಎಲ್ಲಮ್ಮಾ?” ಎಂದರು. ಆಮೇಲೆ ಆ ತೊಟ್ಟಿಲು ಎಷ್ಟು ಬೇಗ ಇಳಿಯುತ್ತಿತ್ತು, ಕಿವಿ ಹೇಗೆ ಗುಯ್‌ಗುಡುತ್ತಿತ್ತು ಎಂಬುದನ್ನೆಲ್ಲ ಅವರೇ ಹೇಳತೊಡಗಿದರು. ಮೊಮ್ಮಕ್ಕಳು ಅದನ್ನು ಕೇಳುತ್ತಿದ್ದುದು ಅದೇ ಮೊದಲು. ಒಂದು ಸಂಜೆಯ ಅನುಭವ ಪ್ರಮಾಣವಾಗದು, ನಿಜ. ಆದರೆ ನೀತಿಕತೆಯೊಂದು ಆ ಬಾಯಿಯನ್ನು ತೆರೆಸುತ್ತಿತ್ತೆಂದು ನಾನು ನಂಬಲಾರೆ.

‘ಪಾಪಚ್ಚಿ’ಯೂ ಇಲ್ಲಿ ಸುಲಭವಾಗಿ ಮನೆಯೊಳಗೆ ಬರುತ್ತಾಳೆ. ಹಳೆಯ ಮೈಸೂರಿನ ‘ಪಾಪ’, ತೆಲುಗಿನ ‘ಪಾಪ’, ತಮಿಳಿನ ‘ಪಾಪ್ಪಾ’ ಎಲ್ಲವೂ ಎಳೆಯ ಮಗುವೇ. ಮೂರು ಭಾಷೆಗಳ ಈ ಗಡಿಸೀಮೆಯಲ್ಲಿ ಆ ಹೆಸರಿಗೆ ಅರ್ಥಕೋಶ ಬೇಡ. ಕೇರಳದಲ್ಲಿ ಹುಟ್ಟಿ, ಮಲಯಾಳಂ ಮನೆಮಾತಿನವರಾಗಿದ್ದ ಕಸ್ತೂರಿಯವರು ಕನ್ನಡವನ್ನು ಕಲಿತು, ‘ಕೊರವಂಜಿ’ಯಲ್ಲಿ ನಗಿಸಿ, ಪದಗಳ ಅರ್ಥವನ್ನೇ ತಲೆಕೆಳಗು ಮಾಡುವ ‘ಅನರ್ಥಕೋಶ’ವನ್ನು ರಚಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಮನೆಮಾತು ಬೇರೆಯಾದ ಮಕ್ಕಳಿಗೆ ಕನ್ನಡವನ್ನು ‘ಸುಲಭ’ ಪಾಠಗಳಿಂದಲೇ ಕಲಿಸಬೇಕೆಂಬ ನಮ್ಮ ಅಧ್ಯಾಪಕರ ನಂಬಿಕೆಗೆ ಅವರ ಬರಹವೇ ಪ್ರತ್ಯುತ್ತರ.

ಮೂಲದ ಗ್ರಿಫಿನ್ ಅರ್ಧ ಹದ್ದು, ಅರ್ಧ ಸಿಂಹ. ವಿಜಯನಗರ ಶೈಲಿಯ ಕಂಬಗಳ ಯಾಳಿಯನ್ನು ಕಂಡ ಮಗುವಿಗೆ ಅದು ತೀರ ಅಪರಿಚಿತವಲ್ಲ. ಮೊಲದ ವಿಷಯಕ್ಕಂತೂ ವಿವರಣೆಯೇ ಬೇಕಾಗಲಿಲ್ಲ. ಗಣಿ ಮುಚ್ಚಿದ ಮೇಲೆ ಈ ಸೀಮೆಯ ಅನೇಕರು ದುಡಿಮೆಗಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಗಡಿಯಾರ ನೋಡಿ ತಡವಾಯಿತೆಂದು ಗಾಬರಿಯಾಗುವ ಮೊಲವನ್ನು ಕಂಡು ಅಜ್ಜ ‘ಶಿಫ್ಟಿಗೆ ಹೊರಟಿದೆ’ ಎಂದರೆ, ಮಕ್ಕಳು ‘ಅಲ್ಲ, ಅಪ್ಪನ ಥರ ಟ್ರೈನಿಗೆ’ ಎಂದು ವಾದಕ್ಕಿಳಿದವು.