ಬಚ್ಚಲ ಗೋಡೆಗೆ ಒಂದು ಗೂಡು

ನಿಮ್ಮ ಬಚ್ಚಲಲ್ಲಿ ಸೋಪು ಎಲ್ಲಿರುತ್ತದೆ? ನೆಲದ ಮೇಲೆ ತಾನೆ? ಸೀಗೆಪುಡಿ ಡಬ್ಬಿಯೂ ಅಲ್ಲೇ. ನೆಲದ ಸೋಪು ನೀರಲ್ಲಿ ನೆನೆದು ಬೇಗ ಕರಗುತ್ತದೆ. ಅದು ಹೋದರೆ ಹೋಗಲಿ. ಅದರ ಮೇಲೆ ಕಾಲಿಟ್ಟರೆ? ವಯಸ್ಸಾದ ಅತ್ತೆ ಜಾರಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ತುಂಬಿದ ಬಸುರಿ ಬಿದ್ದರೆ ಎರಡು ಜೀವಕ್ಕೆ ಅಪಾಯ.

ದೀಪ ಇಡೋ ಗೂಡು ನಮಗೆಲ್ಲ ಗೊತ್ತು. ಬಚ್ಚಲ ಗೋಡೆಗೂ ಅಂಥದ್ದೇ ಒಂದು ಗೂಡು ಇಡಿಸಬಹುದು. ಆದರೆ ದೀಪದ ಗೂಡಿಗೆ ನೀರು ಬೀಳುವುದಿಲ್ಲ. ಬಚ್ಚಲ ಗೂಡಿಗೆ ದಿನಾ ಬೀಳುತ್ತದೆ.

ಗೋಡೆ ಕಟ್ಟುವಾಗಲೇ ಮೇಸ್ತ್ರಿಗೆ ಹೇಳಿ. ಕಟ್ಟಿದ ಮೇಲೆ ಒಡೆಸುವುದು ದಂಡದ ಕೆಲಸ. ಇಟ್ಟಿಗೆ ಗೋಡೆ 9 ಇಂಚು ದಪ್ಪ ಇರಬೇಕು. ಗೂಡಿನ ಆಳ 4 ಇಂಚು, ಅಗಲ 1 ಅಡಿ ಸಾಕು. ಬಾಯಿಯ ಮೇಲೆ ಒಂದು ಕಡಪ ಕಲ್ಲು ಹಾಸಬೇಕು. ಮೇಲಿನ ಇಟ್ಟಿಗೆಯ ಭಾರ ಅದು ಹೊರುತ್ತದೆ. ನಾಲ್ಕೂವರೆ ಇಂಚಿನ ಗೋಡೆಗೆ ಗೂಡು ಬೇಡ. ಮಣ್ಣಿನ ಗೋಡೆಗಂತೂ ಬೇಡವೇ ಬೇಡ, ನೀರು ಇಳಿದು ಮಣ್ಣು ಕರಗುತ್ತದೆ. ಅಲ್ಲಿ ಮೊಳೆ ಹೊಡೆದು ಒಂದು ಬುಟ್ಟಿ ತೂಗುಹಾಕಿ.

ಅಡುಗೆಮನೆಗೂ ಬಚ್ಚಲಿಗೂ ಒಂದೇ ಗೋಡೆಯೆ? ಆ ಗೋಡೆ ಬಿಡಿ. ತೇವ ಆಚೆ ಹೋದರೆ ಕಾಳುಕಡ್ಡಿಗೆ ಬೂಷ್ಟು ಬರುತ್ತದೆ. ಹಂಡೆ ಒಲೆಯ ಪಕ್ಕವೂ ಬೇಡ.

ಎತ್ತರ ಎಷ್ಟು? ಮೇಸ್ತ್ರಿ ತನ್ನ ಎದೆಮಟ್ಟಕ್ಕೆ ಇಡುತ್ತಾನೆ. ಆದರೆ ಮೀಯುವವರು ನೀವು! ಮಣೆ ಮೇಲೆ ಕೂತು ಕೈ ಚಾಚಿ ನೋಡಿ. ಕೈ ಎಟುಕುವ ಕಡೆ ಇದ್ದಿಲಲ್ಲಿ ಗೆರೆ ಎಳೆಯಿರಿ. ಇಷ್ಟು ತಗ್ಗಿನ ಗೂಡಲ್ಲಿ ಬ್ಲೇಡು, ಬ್ಲೀಚಿಂಗ್ ಪುಡಿ ಇಡಬೇಡಿ. ಮಕ್ಕಳ ಕೈಗೆ ಸಿಗುತ್ತೆ.

ಇನ್ನು ಗೂಡಿನ ತಳ. ಎಲ್ಲರೂ ತಪ್ಪುವುದು ಇಲ್ಲೇ.

"ತಳ ಸಮ ಮಾಡಿದ್ದೀನಿ ಅಕ್ಕಾ. ರಸಮಟ್ಟ ಇಟ್ಟು ನೋಡಿ" ಅಂತಾನೆ ಮೇಸ್ತ್ರಿ.

"ಸಮ ಬೇಡಪ್ಪ. ಮುಂದಕ್ಕೆ ಇಳಿಜಾರು ಕೊಡು. ನೀರು ನಿಲ್ಲಬಾರದು" ಅನ್ನಿ.

ಸಂಕೋಚ ಬೇಡ. ದುಡ್ಡು ಕೊಡುವವರು ನೀವು. ನಿಂತ ನೀರು ಗೋಡೆಯೊಳಗೆ ಇಳಿಯುತ್ತದೆ. ಗಾರೆ ಉದುರುತ್ತದೆ. ಕಾಲು ಇಂಚು ಇಳಿಜಾರು ಸಾಕು. ಜಾಸ್ತಿಯಾದರೆ ಸೋಪೇ ಜಾರುತ್ತೆ! ಗಾರೆ ಗಟ್ಟಿಯಾದ ಮೇಲೆ ಒಂದು ಚೊಂಬು ನೀರು ಹಾಕಿ ನೋಡಿ. ಅಷ್ಟೂ ಹೊರಗೆ ಬರಬೇಕು.

ಗಾರೆಗೆ ಒಂದು ಬಾಂಡ್ಲಿ ಸಿಮೆಂಟು, 4 ಬಾಂಡ್ಲಿ ಮರಳು. ಸಿಮೆಂಟು ಚೀಲದ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಿರುತ್ತಾರೆ. ಅಂಕಿ ಓದಲು ಈಗ ನಿಮಗೆ ಬರುತ್ತದಲ್ಲ! 3 ತಿಂಗಳಿಗಿಂತ ಹಳೆಯದಾದರೆ ವಾಪಸ್ ಕೊಡಿ. ಅದರ ಹಿಡಿತ ಕಡಿಮೆ. ಗಾರೆ ಆದ ಮಾರನೇ ದಿನದಿಂದ 7 ದಿನ ನೀರು ಹಾಕಿ.

ಲೆಕ್ಕ ಮಾಡಿ: ಅರ್ಧ ಬಾಂಡ್ಲಿ ಸಿಮೆಂಟಿಗೆ ಎಷ್ಟು ಬಾಂಡ್ಲಿ ಮರಳು?
ಅಳೆದು ಬರೆಯಿರಿ: ನಿಮ್ಮ ಬಚ್ಚಲ ಗೋಡೆ ಎಷ್ಟು ಇಂಚು ದಪ್ಪ?