ವಾಲಿದ ಕಾಂಪೌಂಡ್: ಖರ್ಚನ್ನು ಪಾಯದಿಂದ ಲೆಕ್ಕ ಹಾಕಿ

ಬೇಲಿಗಿಡದ ಪಕ್ಕದ ಕಾಂಪೌಂಡ್ ವಾಲಿತೆಂದರೆ ಮನೆಯವರು ಮೇಸ್ತ್ರಿಯನ್ನು ಕೇಳುವುದು ಒಂದೇ ಮಾತು: ಅಡಿಗೆ ಎಷ್ಟು? ಅವರು ಹೇಳುವ ದರ ಸಾಮಾನ್ಯವಾಗಿ ನೆಲದ ಮೇಲಿನ ಗೋಡೆಯದ್ದು. ಕೆಡವುವ ಕೂಲಿ, ಡೆಬ್ರಿಸ್ ಸಾಗಣೆ, ಪಾಯ, ನೀರು ಹೋಗುವ ಪೈಪು ಅದರಲ್ಲಿ ಸೇರಿರುವುದಿಲ್ಲ. ಅರ್ಧ ಕೆಲಸವಾದ ಮೇಲೆ ಇವೆಲ್ಲ ಎಕ್ಸ್‌ಟ್ರಾ ಎಂದು ಬರುತ್ತವೆ. ಬೆಂಗಳೂರಿನಲ್ಲಿ ವೈಟ್‌ಫೀಲ್ಡ್‌ನಿಂದ ಪೀಣ್ಯದವರೆಗೆ ಇದೇ ಕಥೆ.

ಮೊದಲು ತೂಗುಗುಂಡು ಬಿಟ್ಟು ನೋಡಿ. 5 ಅಡಿ ಎತ್ತರದ, 6 ಇಂಚು ದಪ್ಪದ ಗೋಡೆಯ ತುದಿ 2 ಇಂಚಿಗಿಂತ ಹೆಚ್ಚು ವಾಲಿದ್ದರೆ ತಳದ ಒಂದು ಬದಿಯ ಗಾರೆ ಎಳೆತಕ್ಕೆ ಸಿಕ್ಕಿರುತ್ತದೆ. ಅಂಥದ್ದಕ್ಕೆ ಪ್ಲಾಸ್ಟರ್ ಬಳಿಯುವುದು ದುಡ್ಡು ದಂಡ, ಕೆಡವಲೇಬೇಕು. ಕೆಡವುವ ಮುನ್ನ ಕ್ರಯಪತ್ರದ ಚೆಕ್ಕುಬಂದಿ ನೋಡಿ, ಪಕ್ಕದ ಮನೆಯವರನ್ನು ನಿಲ್ಲಿಸಿಕೊಂಡು ಟೇಪು ಹಿಡಿಯಿರಿ. ಗೋಡೆ ಇಬ್ಬರದ್ದಾದರೆ ಖರ್ಚಿನ ಪಾಲನ್ನು ಅವತ್ತೇ ಬರೆದುಕೊಳ್ಳಿ.

ಈಗ ಲೆಕ್ಕ. 50 ಅಡಿ ಉದ್ದ, 5 ಅಡಿ ಎತ್ತರಕ್ಕೆ 16×8×6 ಇಂಚಿನ ಸಾಲಿಡ್ ಬ್ಲಾಕ್ ಸುಮಾರು 285 ಬೇಕು. ಒಂದಕ್ಕೆ 40 ರೂಪಾಯಿ ಹಿಡಿದರೆ 11,400 ರೂಪಾಯಿ. ಚಿಕ್ಕ ಬಾಬತ್ತು ಅಷ್ಟೇ. ಪಾಯ ಒಂದೂವರೆ ಅಡಿ ಅಗಲ, ಎರಡು ಅಡಿ ಆಳವೆಂದರೂ 150 ಘನ ಅಡಿ ಸೈಜುಗಲ್ಲಿನ ಕಟ್ಟಡ. ಹಳೆಯ ಪಾಯದ ಕಲ್ಲು ಗಟ್ಟಿಯಿದ್ದರೆ ಮತ್ತೆ ಬಳಸಬಹುದು, ಇದನ್ನು ದರದಲ್ಲಿ ಕಳೆಯಿಸಿಕೊಳ್ಳಿ. ಹಿಂದೆ ಗದ್ದೆ ಬಯಲಾಗಿದ್ದ ಸೈಟಿನಲ್ಲಿ ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು, ಎರಡು ಅಡಿಗೆ ನಿಲ್ಲಿಸಲು ಬಿಡಬೇಡಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಕೊಟೇಶನ್ ಹಳೆಯ ದರದಲ್ಲಿದ್ದರೆ ಕೇಳಿ.

ಎಲ್ಲರೂ ಬಿಡುವುದು ಒಂದನ್ನೇ: ನೀರಿನ ದಾರಿ. ಬೇಲಿಗಿಡಕ್ಕೆಂದು ಗೋಡೆಗೆ ಒತ್ತಿ ಎರಡು ಅಡಿ ಮಣ್ಣು ಏರಿಸುತ್ತಾರೆ, ದಿನವೂ ಪೈಪು ಬಿಡುತ್ತಾರೆ. ಆರಿಂಚಿನ ಕಾಂಪೌಂಡ್ ಮಣ್ಣು ತಡೆಯುವ ಗೋಡೆಯಲ್ಲ. ಮಳೆಗೆ ಆ ಮಣ್ಣಿನಲ್ಲಿ ಎರಡು ಅಡಿ ನೀರು ನಿಂತರೆ 50 ಅಡಿ ಗೋಡೆಯ ಮೇಲೆ ನೀರಿನದ್ದೇ ಒತ್ತಡ ಸುಮಾರು 2.8 ಟನ್ ಆಗುತ್ತದೆ. ಆಳ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಬೇರಿನ ಮೇಲೆ ತಪ್ಪು ಹೊರಿಸಿ ಗಿಡ ಕಿತ್ತು, ಅದೇ ಮಣ್ಣಿಗೆ ಅದೇ ಗೋಡೆ ಕಟ್ಟಿದವರನ್ನು ಕಂಡಿದ್ದೇನೆ. ಅದು ಮತ್ತೆ ವಾಲಿತು. 2025ರ ಮೇ ತಿಂಗಳ ಮಳೆಯಲ್ಲಿ ಮಹದೇವಪುರ ಭಾಗದಲ್ಲಿ ಕಂಪನಿಯೊಂದರ ಕಾಂಪೌಂಡ್ ಕುಸಿದು, ಅಲ್ಲಿ ಕೆಲಸಕ್ಕಿದ್ದ ಮಹಿಳೆ ಪ್ರಾಣ ಕಳೆದುಕೊಂಡರು. ವಾಲಿದ ಗೋಡೆ ‘ಈ ವರ್ಷ ನಿಲ್ಲುತ್ತೆ ಬಿಡಿ’ ಎನ್ನುವ ವಿಷಯವಲ್ಲ.

ಆದ್ದರಿಂದ ಏರಿಸಿದ ಮಣ್ಣನ್ನು ಮೊದಲು ಇಳಿಸಿ. ಇಳಿಸಲು ಆಗದಿದ್ದರೆ ಆ ಬದಿಗೆ ಕಾಂಕ್ರೀಟಿನ ತಡೆಗೋಡೆಯೇ ಬೇಕು, ಅದನ್ನು ಇಂಜಿನಿಯರ್ ಲೆಕ್ಕ ಹಾಕಲಿ. ನೆಲಮಟ್ಟದ ಸ್ವಲ್ಪ ಮೇಲೆ ಐದೈದು ಅಡಿಗೊಂದು 2 ಇಂಚಿನ ಪಿವಿಸಿ ಪೈಪನ್ನು ಹೊರಕ್ಕೆ ಇಳಿಜಾರಾಗಿ ಇಡಿಸಿ. ಒಳತುದಿಗೆ ಜಾಲರಿ, ಅದರ ಹಿಂದೆ ಜಲ್ಲಿ. ಪೈಪು ಪಕ್ಕದವರ ಅಂಗಳಕ್ಕೆ ಬಾಯಿ ತೆರೆಯಬಾರದು. ಹತ್ತು ಅಡಿಗೊಂದು ಪಿಲ್ಲರ್ ಬರಲಿ.

ಡೆಬ್ರಿಸ್ ಕನಿಷ್ಠ ಎರಡು ಟ್ರ್ಯಾಕ್ಟರ್ ಲೋಡು. ರಾಜಕಾಲುವೆಗೆ, ಕೆರೆಯಂಚಿಗೆ ಸುರಿಯುವುದು ಅಪರಾಧ, ಎಲ್ಲಿಗೆ ಒಯ್ಯುತ್ತಾರೆ ಎಂದು ಕೇಳಿ ತಿಳಿಯಿರಿ. ದಾಸವಾಳ, ಡುರಾಂಟಾದಂಥ ಬೇಲಿಗಿಡವನ್ನು ಕತ್ತರಿಸಿ ಉಳಿಸಿಕೊಳ್ಳಬಹುದು. ಮರವಿದ್ದರೆ ಅದನ್ನು ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಹೊಸ ಗಿಡ ಗೋಡೆಯಿಂದ ಎರಡು ಮೂರು ಅಡಿ ದೂರ. ಕೆಲಸ ಜನವರಿ, ಫೆಬ್ರವರಿಯಲ್ಲಿ ಹಿಡಿಯಿರಿ, ಏಳು ದಿನ ಕ್ಯೂರಿಂಗ್ ತಪ್ಪಿಸಬೇಡಿ, ಕೊನೆಯ ಕಂತನ್ನು ಪೈಪುಗಳಲ್ಲಿ ನೀರು ಹರಿದದ್ದು ನೋಡಿಯೇ ಕೊಡಿ.